ಹನ್ನೆರಡು ನಿಮಿಷ ಮುಂದೆ

ಹತ್ತೊಂಬತ್ತನೇ ತಾರೀಕು, ಗುರುವಾರ
ಬೆಳಿಗ್ಗೆ, ಆಫೀಸಿನ ಮೇಜು

ಮಾತು ಬಿಟ್ಟಿರುವ ನಾದಿನಿ ಚೂಟಿಗೆ, ಮಾತು ಹೆಚ್ಚಾಗಿ ಕೆಟ್ಟಿರುವ ಭಾವನ ನಮಸ್ಕಾರ.

ವಯಸ್ಸಿನಲ್ಲಿ ದೊಡ್ಡವನು, ಆಶೀರ್ವಾದ ಅಂತ ಬರೆಯಬೇಕಿತ್ತು. ಈ ಸಲ ಆ ಹಕ್ಕು ನನಗಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ಎತ್ತುವುದಿಲ್ಲ. ಎತ್ತಿದ್ದರೂ ಎರಡು ಪ್ರಾಸ ಎಸೆದು ನಾನು ಜಾರಿಕೊಳ್ಳುತ್ತಿದ್ದೆ. ಕಾಗದದ ಮೇಲಾದರೆ ಜಾರಿದ ಗುರುತು ಉಳಿಯುತ್ತದೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಕೇಂದ್ರದ ಕಮಿಟಿಯವರ ಮುಂದೆ ಇದನ್ನೆಲ್ಲ ನಾನು ತಲೆಕೆಳಗು ಮಾಡಿ ಹೇಳಿದ್ದೆ. ಒಂದು ಸಲವಾದರೂ ನೆಟ್ಟಗೆ ಹೇಳಬೇಕು.

ನಮ್ಮ ಡಯಾಲಿಸಿಸ್ ಕೇಂದ್ರಕ್ಕೆ ನೀನು ಬರೆದುಕೊಟ್ಟ ಪ್ರೋಗ್ರಾಮು ಎರಡು ವರ್ಷ ಕೆಮ್ಮದೆ ಕೆಲಸ ಮಾಡಿತು. ಬೆಳಿಗ್ಗೆ ಐದಕ್ಕೆ ಮುಖ್ಯ ಸರ್ವರಿನ ಬಾಗಿಲು ತಟ್ಟಿ, ತನ್ನ ಕೀ ಎಂಬ ನಲವತ್ತು ಅಕ್ಷರದ ಗುಟ್ಟಿನ ಗುರುತು ತೋರಿಸಿ, ಇವತ್ತು ಯಾರಿಗೆ, ಯಾವ ಕಟ್ಟಡದಲ್ಲಿ, ಎಷ್ಟು ಹೊತ್ತಿಗೆ ಡಯಾಲಿಸಿಸ್ ಎಂದು ಕೇಳಿ ಪಟ್ಟಿ ತರುತ್ತಿತ್ತು. ಪ್ರಿಂಟರಿನಿಂದ ಹಾಳೆ ಬೀಳುತ್ತಿತ್ತು. ವ್ಯಾನಿನ ಡ್ರೈವರು ಅದನ್ನು ಹಿಡಿದು ರೋಗಿಗಳನ್ನು ಕರೆತರಲು ಹೊರಡುತ್ತಿದ್ದ. ಇದರಲ್ಲಿ ನನ್ನ ಕೆಲಸವೆಂದರೆ ಹಾಳೆಗೆ ಪಿನ್ನು ಹೊಡೆಯುವುದು, ಹೊಡೆದು ಗತ್ತಿನಿಂದ ನಡೆಯುವುದು.

ಹೋದ ತಿಂಗಳು ಹದಿನಾಲ್ಕರಂದು ಹಾಳೆ ಬೀಳಲಿಲ್ಲ. ಪರದೆಯ ಮೇಲೆ ಕೆಂಪಗೆ ನಾನೂರ ಒಂದು. ನಿನಗೆ ಫೋನ್ ಮಾಡಿದೆ. ನಾನೂರ ಒಂದು ಅಂದರೆ ನೀನು ಯಾರು ಅಂತ ಖಾತ್ರಿಯಾಗಲಿಲ್ಲ ಅಂತ, ನಾನೂರ ಮೂರು ಬಂದರೆ ನೀನು ಯಾರು ಅಂತ ಗೊತ್ತು, ಆದರೂ ಒಳಗೆ ಬಿಡಲ್ಲ ಅಂತ, ಹೀಗೆ ನೀನು ಬಿಡಿಸಿ ಹೇಳಿದೆ. ಹಾಗಾದರೆ ಮೊದಲನೆಯದು ಕಂಡವರ ಮನೆ, ಎರಡನೆಯದು ನಮ್ಮತ್ತೆ ಮನೆ ಅಂದೆ ನಾನು. ನೀನು ನಕ್ಕೆ. ನನ್ನ ಜೊತೆ ನೀನು ನಕ್ಕಿದ್ದು ಅದೇ ಕೊನೆ.

ಆಮೇಲೆ ನೀನು ಒಂದೊಂದಾಗಿ ಕೇಳುತ್ತಾ ಹೋದೆ. ಕೀಯ ಕೊನೆಯಲ್ಲಿ ಖಾಲಿ ಜಾಗ ಅಂಟಿಕೊಂಡಿದೆಯಾ ನೋಡಿ ಭಾವ ಅಂದೆ. ಇರಲಿಲ್ಲ. ನಲವತ್ತು ಅಕ್ಷರ ಓದಿಸಿದೆ, ಎಲ್ಲ ಸರಿಯಿತ್ತು. ಹಳೇ ಕೀ ರದ್ದು ಮಾಡಿ ಹೊಸದು ಕೊಟ್ಟೆ. ಅದಕ್ಕೂ ಅದೇ ಉತ್ತರ. ಅದೇ ಕೀ ಹಾಕಿ ನಿನ್ನ ಮನೆಯ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಪಟ್ಟಿ ಸಲೀಸಾಗಿ ಬಂತು. ಆಗ ನೀನು ಹೇಳಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ. "ಕೀ ಸರಿಯಾಗಿದೆ ಭಾವ. ನಿಮ್ಮ ಮಿಷನ್ನಲ್ಲೇ ಏನೋ ಬದಲಾಗಿದೆ. ಏನಾದ್ರೂ ಮುಟ್ಟಿದ್ರಾ?"

ಧೂಳು ಒರೆಸೋದಕ್ಕೂ ಮುಟ್ಟಿಲ್ಲ ಮಾರಾಯ್ತಿ ಅಂದೆ.

ನೀನು ಇನ್ನೊಂದು ಕೇಳಿದೆ. ನಾನೂರ ಒಂದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ, ಅದನ್ನು ಪೂರ್ತಿ ಓದಿ ಎಂದೆ. ಇತ್ತು. ನಾನು ಓದಲಿಲ್ಲ. ಅದೇ ನಾನೂರ ಒಂದು, ಅಷ್ಟೇ ಇರೋದು ಅಂದುಬಿಟ್ಟೆ. ಯಾಕೆ ಗೊತ್ತಾ? ಮೇಜಿನ ಪಕ್ಕ ಹೊಸ ನರ್ಸಮ್ಮ ನಿಂತಿದ್ದಳು. ಕನ್ನಡದಲ್ಲೇ ಡಿಗ್ರಿ ಮಾಡಿದವನು ನಾನು. ಗುರುತಿಲ್ಲದ ಇಂಗ್ಲಿಷು ಪದಗಳನ್ನು ನಾಲ್ಕು ಜನರ ಎದುರು ಗಟ್ಟಿಯಾಗಿ ಓದಬೇಕಾದರೆ ನಾಲಗೆ ಮೊಣಕಾಲೂರುತ್ತದೆ. ಆ ಸಾಲು ಒಂಬತ್ತು ಪದದ್ದು. ಓದಿದ್ದರೆ ನೀನು ಅಲ್ಲಿಂದಲೇ ಹಿಡಿದುಬಿಡುತ್ತಿದ್ದೆ.

ಅವತ್ತು ಡ್ರೈವರು ಹಿಂದಿನ ದಿನದ ಹಾಳೆ ಇಟ್ಟುಕೊಂಡು ಹೋದ. ನಮ್ಮ ನಿವೃತ್ತ ಭೂಗೋಳದ ಮೇಷ್ಟ್ರ ಹೆಸರು ಅದರಲ್ಲಿರಲಿಲ್ಲ. ಅವರು ಇಸ್ತ್ರಿ ಶರ್ಟು ಹಾಕಿ, ಕೈಚೀಲ ಮಡಿಲಲ್ಲಿಟ್ಟುಕೊಂಡು, ಆರರಿಂದ ಒಂಬತ್ತೂವರೆ ತನಕ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಸರದಿ ಮಾರನೆಯ ದಿನಕ್ಕೆ ಹೋಯಿತು. ಸಂಜೆಗೆ ಉಸಿರು ಕಟ್ಟಿತು. ನಾಲ್ಕು ದಿನ ವಾರ್ಡಿನಲ್ಲಿದ್ದು ಎದ್ದು ಬಂದರು. ಬಂದವರು ನನ್ನನ್ನು ಕೇಳಿದ್ದು ಇಷ್ಟೇ: "ನಾನೇ ದಿನ ತಪ್ಪಿ ಕೂತಿದ್ನೇನಪ್ಪಾ?"

ಇಲ್ಲ ಸರ್, ಕಂಪ್ಯೂಟರಿನದು ಅಂದೆ. ಅಲ್ಲಿಂದ ಶುರು.

ಕಮಿಟಿಯವರು ಕಾರಣ ಕೇಳಿದಾಗ, ಅವಳ ಮನೆಯಲ್ಲಿ ನಡೀತದೆ, ನಮ್ಮಲ್ಲಿ ನಡೆಯಲ್ಲ, ಏನೋ ಅರ್ಧಂಬರ್ಧ ಮಾಡಿಟ್ಟಿದ್ದಾಳೆ ಎಂದೆ. ಸಾಲದ್ದಕ್ಕೆ, ನಮ್ಮ ಮನೆ ಹುಡುಗಿ ಅಂತ ನಾನು ಮುಲಾಜು ನೋಡಲ್ಲ ಅಂತ ಬೇರೆ ಸೇರಿಸಿದೆ. ಅದನ್ನು ಹೇಳುವಾಗ ಎದೆ ಎರಡು ಇಂಚು ಉಬ್ಬಿತ್ತು, ಸುಳ್ಳು ಹೇಳಲಾರೆ. ದೊಡ್ಡ ಡಾಕ್ಟರಮ್ಮ ನಿನ್ನ ಕೆಲಸ ನಿಲ್ಲಿಸಿದರು. ನೀನು ಚೀಲ ಹೆಗಲಿಗೇರಿಸಿ ಹೋದೆ. ಭಾನುವಾರಗಳಲ್ಲಿ ನಮ್ಮ ಮನೆಗೆ ಬರುವುದನ್ನೂ ಬಿಟ್ಟೆ. ನಿನ್ನ ಅಕ್ಕ ಆಮೇಲೂ ಎರಡು ಭಾನುವಾರ ಮೂರು ತಟ್ಟೆ ಹಾಕಿದಳು. ಮೂರನೆಯ ವಾರ ಹಾಕಲಿಲ್ಲ.

ಇನ್ನು ನಿಜಕ್ಕೆ ಬರುತ್ತೇನೆ.

ಡ್ರೈವರು ದಿನಾ ಹತ್ತು ನಿಮಿಷ ತಡ. ಬೈದು ಸಾಕಾಗಿ, ಹದಿಮೂರನೇ ತಾರೀಕು ಗೋಡೆಯ ಗಡಿಯಾರವನ್ನು ಹನ್ನೆರಡು ನಿಮಿಷ ಮುಂದೆ ತಿರುಗಿಸಿದೆ. ಅವನು ಗೋಡೆ ನೋಡುವವನಲ್ಲ, ಕಂಪ್ಯೂಟರಿನ ಮೂಲೆಯ ಸಮಯ ನೋಡುವವನು. ಸರಿ, ಅದನ್ನೂ ಮುಂದಿಟ್ಟೆ. ಅದು ತಾನಾಗಿ ಸರಿಹೋಗುತ್ತಿತ್ತು. ಹಾಗಾಗದಂತೆ ಸೆಟ್ಟಿಂಗಿನಲ್ಲಿದ್ದ ಟಿಕ್ಕು ತೆಗೆದೆ. ಇದನ್ನು ಮಿಷನ್ನು ಮುಟ್ಟಿದ್ದು ಎಂದು ನನ್ನ ಮನಸ್ಸು ಬರೆದುಕೊಳ್ಳಲೇ ಇಲ್ಲ. ಶಿಸ್ತು ಎಂದು ಬರೆದುಕೊಂಡಿತ್ತು.

ನಿನ್ನೆ ಬೆಳಿಗ್ಗೆ ಅವನಿಗೂ ನನಗೂ ಮತ್ತೆ ಜಟಾಪಟಿ. ಅವನು ತನ್ನ ಫೋನು ತಂದು ಪರದೆಗೆ ತಾಗಿಸಿ ಹಿಡಿದ. "ನೋಡಿ ಸರ್, ನಾನು ಲೇಟಿಲ್ಲ. ನಿಮ್ಮ ಗಡಿಯಾರಕ್ಕೇ ಅವಸರ" ಅಂದ. ಮರ್ಯಾದೆ ಹೋಯಿತಲ್ಲ ಎಂದು ಹಲ್ಲು ಕಚ್ಚಿಕೊಂಡು ಸಮಯ ಸರಿಮಾಡಿದೆ. ಸ್ವಲ್ಪ ಹೊತ್ತಿಗೆ ಪ್ರೋಗ್ರಾಮು ಮತ್ತೊಮ್ಮೆ ಬಾಗಿಲು ತಟ್ಟಿರಬೇಕು, ಪ್ರಿಂಟರು ಗಂಟಲು ಸರಿಮಾಡಿಕೊಂಡಿತು. ಹಾಳೆ ಬಿತ್ತು. ಮೂವತ್ತೊಂದು ಹೆಸರು. ಅಲ್ಲಿಯವರೆಗೆ ದಿನಾ ನಾಲ್ಕು ಗಂಟೆಗೇ ಎದ್ದು, ಕೇಂದ್ರದ ಮೂರೂ ಕಟ್ಟಡಗಳಿಗೆ ನಾನೇ ಫೋನ್ ಮಾಡಿ ಕೈಯಲ್ಲಿ ಪಟ್ಟಿ ಬರೆಯುತ್ತಿದ್ದೆ.

ಬಾಗಿಲು ಹಾಕಿಕೊಂಡು ಹಳೆಯ ಕೆಂಪು ಸಾಲನ್ನು ಹುಡುಕಿ ತೆಗೆದು, ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಕೋರಿಕೆಯ ಮೇಲಿನ ಸಮಯಕ್ಕೂ ನಮ್ಮ ಸಮಯಕ್ಕೂ ಐದು ನಿಮಿಷಕ್ಕಿಂತ ಹೆಚ್ಚು ಅಂತರವಿದೆ ಎಂದು ಆ ಸರ್ವರು ಪಾಪ ದಿನಾ ಹೇಳುತ್ತಲೇ ಇತ್ತು. ಇನ್ನೂ ಹುಟ್ಟದ ಹೊತ್ತಿನ ಮುದ್ರೆ ಒತ್ತಿಕೊಂಡು ಬಂದವನನ್ನು ಯಾವ ಕಾವಲುಗಾರ ಒಳಗೆ ಬಿಟ್ಟಾನು? ಗಡಿಯಾರ ಮುಂದೆ, ಗುಮಾಸ್ತ ಹಿಂದೆ. ನಿನ್ನ ಕೀಯಲ್ಲಿ ದೋಷವಿರಲಿಲ್ಲ, ನಿನ್ನ ಪ್ರೋಗ್ರಾಮಿನಲ್ಲಿ ದೋಷವಿರಲಿಲ್ಲ.

ನೀನು ಅರ್ಜಿ ಹಾಕಿದ್ದ ದೊಡ್ಡ ಆಸ್ಪತ್ರೆಯವರು ನಿನ್ನನ್ನು ಕೆಲಸಕ್ಕೆ ಆರಿಸಿ, ಹೇಗೆ ಈಕೆ ಎಂದು ನಮ್ಮ ಡಾಕ್ಟರಮ್ಮನನ್ನು ಕೇಳಿದ್ದಾರೆ. ಉತ್ತರ ನಾಳೆ ಹೋಗಬೇಕು. ಡಾಕ್ಟರಮ್ಮ ಏನು ಬರೆದಾರು ಎಂದು ನನಗೂ ಗೊತ್ತು, ನಿನಗೂ ಗೊತ್ತು. ಅದಕ್ಕೇ ಒಂದು ಹೇಳಿಕೆಯಲ್ಲಿ ಎಲ್ಲವನ್ನೂ ಬರೆದು, ತಪ್ಪು ನನ್ನದು ಎಂದು ಸಹಿ ಹಾಕಿದ್ದೇನೆ. ಇವತ್ತು ಮಧ್ಯಾಹ್ನ ಅವರ ಕೈಗೆ ಕೊಡುತ್ತೇನೆ. ನಕಲು ಇದರ ಜೊತೆಗಿದೆ.

ಕ್ಷಮಿಸು ಎಂದು ಕೇಳಲು ಇದೇ ಸರಿಯಾದ ಜಾಗ. ಕೇಳುತ್ತಿದ್ದೇನೆ. ಈ ಸಾಲಿಗೆ ಪ್ರಾಸ ಹುಡುಕಿಲ್ಲ.

ಇತಿ,
ನಿನ್ನ ಭಾವ

ತಾ.ಕ.: ಮಧ್ಯಾಹ್ನ ಊಟಕ್ಕೆ ಹೋದಾಗ ಇದನ್ನು ನಿನ್ನ ಅಕ್ಕನಿಗೆ ಓದಿ ಹೇಳಿದೆ. ಹೊಗಳಬಹುದು ಅಂದುಕೊಂಡಿದ್ದೆ. ಅವಳು ತಟ್ಟೆ ತೊಳೆಯುತ್ತಲೇ, "ನೀವು ನಾಲ್ಕು ಗಂಟೆಗೆ ಅಲಾರಂ ಇಡೋದು ಬಿಟ್ಟು ಎರಡು ವಾರ ಆಯ್ತಲ್ಲ. ಪಟ್ಟಿ ನಿನ್ನೆ ಬಂದಿದ್ದು ಹೇಗೆ?" ಅಂದಳು.

ನಿನ್ನೆ ಅಲ್ಲ ಚೂಟಿ. ಈ ತಿಂಗಳ ಆರನೇ ತಾರೀಕು. ಗಡಿಯಾರ, ಪ್ರಿಂಟರು, ನಿಘಂಟು ಎಲ್ಲ ಅವತ್ತೇ. ಅವತ್ತು ಮಧ್ಯಾಹ್ನ ಡಾಕ್ಟರಮ್ಮ ಎಲ್ಲರೆದುರು, ಬರೆದವಳ ಕೈಲೇ ಆಗದ್ದನ್ನು ಇವರು ಸರಿಮಾಡಿದರು ಎಂದು ನನ್ನ ಬೆನ್ನು ತಟ್ಟಿದರು. ನಾನು ಥ್ಯಾಂಕ್ಸ್ ಅಂದೆ. ನಾಳೆ ಹೇಳೋಣ, ನಾಳೆ ಹೇಳೋಣ ಎನ್ನುತ್ತಾ ಹದಿಮೂರು ದಿನ ಆ ಥ್ಯಾಂಕ್ಸಿನ ಮೇಲೇ ಕೂತಿದ್ದೆ. ಆಸ್ಪತ್ರೆಯ ಪತ್ರ ಬಂದ ಸುದ್ದಿ ಕಿವಿಗೆ ಬೀಳದಿದ್ದರೆ ಇನ್ನೂ ಕೂತಿರುತ್ತಿದ್ದೆನೋ ಏನೋ. ಮೇಲೆ ನಿನ್ನೆ ಎಂದು ಬರೆದ ಸಾಲನ್ನು ಹೊಡೆದುಹಾಕದೆ ಹಾಗೇ ಬಿಟ್ಟಿದ್ದೇನೆ. ನಿನ್ನ ಅಕ್ಕ ಹಾಗೇ ಇರಲಿ ಅಂದಳು.

ಹೇಳಿಕೆಯಲ್ಲೂ ಕಾರಣ ಗೊತ್ತಾದ ತಾರೀಕು ತಿದ್ದಿ ಬರೆದು ಡಾಕ್ಟರಮ್ಮನಿಗೆ ಕೊಟ್ಟೆ. ಅವರು ಎರಡು ಸಲ ಓದಿದರು. ಮೇಷ್ಟ್ರಿಗೂ ನೀವೇ ಹೋಗಿ ಹೇಳಿ ಎಂದರು. ಇನ್ನು ಮುಂದೆ ಆ ಕಂಪ್ಯೂಟರು ನನ್ನ ಮೇಜಿನ ಮೇಲಿರುವುದಿಲ್ಲವಂತೆ. ಆಮೇಲೆ ನನ್ನೆದುರೇ ಆಸ್ಪತ್ರೆಗೆ ಉತ್ತರ ಬರೆದರು. ತಲೆಕೆಳಗಾಗಿ ಓದಿದ್ದು, ಆದರೂ ಸರಿಯಾಗೇ ಓದಿದೆ: ಇವರ ಕೆಲಸದಲ್ಲಿ ದೋಷವಿರಲಿಲ್ಲ, ದೋಷ ನಮ್ಮದು, ನೀವು ತೆಗೆದುಕೊಳ್ಳದಿದ್ದರೆ ನಾವು ಮತ್ತೆ ಕರೆಯುತ್ತೇವೆ.

ಇದನ್ನು ಅಂಚೆಗೆ ಹಾಕುತ್ತಿಲ್ಲ. ನಿನ್ನ ಅಕ್ಕನೇ ತರುತ್ತಿದ್ದಾಳೆ, ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ನಾನು ಕೆಳಗೆ ಬೀದಿಯಲ್ಲಿ ಇರುತ್ತೇನೆ. ಮೇಲೆ ಕರೆಯಲೇಬೇಕು ಅಂತೇನಿಲ್ಲ. ಕಿಟಕಿಯಿಂದ ಬೈದರೂ ಕೇಳಿಸುತ್ತದೆ.