ಬೀಗರ ತುಂಡಿಲ್ಲದ ಬೆಸುಗೆ

ಮಾನ್ಯ ತನಿಖಾಧಿಕಾರಿಗಳೇ,

ನನ್ನ ಗಂಡ ಜಯಂತನ ಸಾವಿಗೆ 'ವೆಲ್ಡರನ ನಿರ್ಲಕ್ಷ್ಯ' ಕಾರಣವೆಂದು ವರದಿ ಬರೆದಿದ್ದೀರಿ. ಎರಡೇ ಪದ, ಕೆಲಸ ಮುಗಿಯಿತು. ಸತ್ತವನ ಹೆಂಡತಿಯ ಕೈಗೆ ಒಬ್ಬ ಅಪರಾಧಿಯನ್ನು ಕೊಟ್ಟರೆ ಅವಳು ಸುಮ್ಮನೆ ಮನೆಗೆ ಹೋಗುತ್ತಾಳೆ ಎಂದುಕೊಂಡಿರಾ? ನನಗೆ ಆ ವೆಲ್ಡರ್ ಹೊನ್ನಪ್ಪನ ತಲೆ ಬೇಡ. ಇದನ್ನೇ ಮರಾಠಿಯಲ್ಲಿ ಬರೆದು ನಾಗಪುರದ ನಿಮ್ಮ ಕಚೇರಿಗೆ ಕೊಟ್ಟೆ. ಉತ್ತರವಿಲ್ಲ. ಈಗ ಈ ಬಹಿರಂಗ ಪತ್ರದಲ್ಲಿ, ನನ್ನ ಭಾಷೆಯಲ್ಲಿ, ನನ್ನ ಜನರೆದುರು ಕೇಳುತ್ತಿದ್ದೇನೆ.

ನಾಗಪುರದ ಬಳಿಯ ಈ ಕಳಮೇಶ್ವರದಲ್ಲಿ ಅವರಿಬ್ಬರೂ ದುಡಿಯುತ್ತಿದ್ದ ಕಾರ್ಖಾನೆಯಲ್ಲಿ ಬಿಸಿ ಆಸಿಡ್ ಹರಿಯುವ ದಾರಿಯಲ್ಲಿ ಒಂದು ಕಡೆ ಟೈಟಾನಿಯಂ ಮಿಶ್ರಲೋಹದ ಕೊಳವೆ, ಇನ್ನೊಂದು ಕಡೆ ಸ್ಟೇನ್‌ಲೆಸ್ ಸ್ಟೀಲ್. ಇವೆರಡನ್ನೂ ನೇರ ಕರಗಿಸಿ ಬೆಸೆದರೆ ನಡುವೆ ಗಾಜಿನಂತೆ ಪೆಡಸಾದದ್ದೊಂದು ಹುಟ್ಟುತ್ತದೆ, ತಣಿಯುವಾಗಲೇ ಬಿರಿಯುತ್ತದೆ. ಅದಕ್ಕೆಂದೇ ಒಂದು ತುದಿ ಟೈಟಾನಿಯಂ, ಇನ್ನೊಂದು ತುದಿ ಸ್ಟೀಲ್ ಇರುವ, ಕರಗಿಸದೆ ಸ್ಫೋಟದ ಒತ್ತಡದಲ್ಲಿ ಕಚ್ಚಿಸಿದ ತುಂಡನ್ನು ಹೊರಗಿನಿಂದ ತರಿಸಿ ನಡುವೆ ಇಡುತ್ತಿದ್ದರು. ಅದಕ್ಕೆ ನಮ್ಮ ಹುಡುಗರು ಇಟ್ಟ ಹೆಸರು 'ಬೀಗರ ತುಂಡು'. ಆ ಕಡೆಯವರಿಗೂ ಸೈ, ಈ ಕಡೆಯವರಿಗೂ ಸೈ.

ಹೊನ್ನಪ್ಪ ನಮ್ಮ ಮನೆಗೆ ಊಟಕ್ಕೆ ಬಂದಾಗಲೆಲ್ಲ ಜಯಂತ ಕಾಡುತ್ತಿದ್ದ: "ಏನ್ಲೇ ಹೊನ್ನ್ಯಾ, ಇವತ್ತ ಎಷ್ಟ ಲಗ್ನಾ ಮಾಡಿಸಿದಿ?"

"ನಾ ಮಾಡ್ಸಿದ್ದು ಎಲ್ಲಾ ಬರೋಬರ್ ಅದಾವು. ನಿಂದ ಒಂದ ನೋಡಪಾ ಕೆಟ್ಟಿದ್ದು. ಪಾಪ, ಅಕ್ಕಾರು!"

ನಾನು ಸೌಟು ಎತ್ತುತ್ತಿದ್ದೆ. ಇಬ್ಬರೂ ನಗುತ್ತಿದ್ದರು.

ಒಂದು ದಿನ ಬೀಗರ ತುಂಡು ಮುಗಿಯಿತು. ಹೊಸದು ಬರುವತನಕ ಕಾಯಬೇಕಿತ್ತು. ಕಾಯುವುದೆಂದರೆ ಮೇಲಿನವರಿಗೆ ಮೈಯುರಿ. ನೇರ ಬೆಸೆಯಲು ಅಪ್ಪಣೆಯಾಯಿತು. ಬೆಸುಗೆ ತಣಿಯುತ್ತ ಟಿಕ್ ಎಂದಿತು.

"ಸಾಹೇಬ್ರ, ಬಿರಿಯಾಕತ್ತೈತ್ರಿ," ಅಂದ ಹೊನ್ನಪ್ಪ.

"ಊಪರ್ ಸೇ ಔರ್ ಏಕ್ ಹಾಥ್ ಮಾರ್. ಜಲ್ದಿ ಪಂಚ್ ಲಗಾ!" ಅಂದ ಮೇಲ್ವಿಚಾರಕ.

ಬಿರುಕಿನ ಮೇಲೆ ಇನ್ನೊಂದು ಪದರ ಬಿತ್ತು. ಪಂಚ್ ಎಂದರೆ ಬೆಸುಗೆಗಾರನ ಸಂಖ್ಯೆ ಕೆತ್ತಿದ ಉಕ್ಕಿನ ಮೊಳೆ. ಅದನ್ನು ಬೆಸುಗೆಯ ಪಕ್ಕ ಸುತ್ತಿಗೆಯಿಂದ ಹೊಡೆದು ಗುರುತು ಮೂಡಿಸದೆ ಕೊಳವೆ ಚಾಲೂ ಆಗುವಂತಿಲ್ಲ. ಹೊನ್ನಪ್ಪ ಹೊಡೆದ. ಅವನ ಸಂಖ್ಯೆ ಹದಿನೇಳು. ಹೌದು, ಹೊಡೆದ, ನಾನು ಮುಚ್ಚಿಡುವುದಿಲ್ಲ. ಮರುದಿನ ಜಯಂತ ವಾಲ್ವ್ ತಿರುಗಿಸಿದ. ಬೆಸುಗೆ ಬಾಯಿಬಿಟ್ಟು ಬಿಸಿ ಆಸಿಡ್ ಅವನ ಮೇಲೆ ಚಿಮ್ಮಿತು. ಕೊನೆಯ ಸಲ ನೋಡಲು ನನಗೊಂದು ಮುಖವೂ ಉಳಿಯಲಿಲ್ಲ.

ವಿಚಾರಣೆಯಲ್ಲಿ ಹೊನ್ನಪ್ಪ ಇದನ್ನೆಲ್ಲ ನಿಮ್ಮೆದುರೇ ಹೇಳಿದ. ನಾನು ಅಲ್ಲೇ ಕೂತಿದ್ದೆ. ನೀವು ಪೆನ್ನು ಎತ್ತಲಿಲ್ಲ. ನೇರ ಬೆಸೆಯಿರಿ ಎಂದವರು ಯಾರು ಎಂದು ನಾನು ಕೇಳಿದ್ದಕ್ಕೆ, "ತಾಈ, ದೊನ್ಹೀ ಧಾತೂಚ್ ನಾ?" ಎಂದಿರಿ. ಎರಡೂ ಲೋಹವೇ ತಾನೇ! ಎಂಥ ವಿದ್ವತ್ತು! ಆಮೇಲೆ ಕೊಳವೆಯ ಚಿತ್ರ ತೋರಿಸಿ, ಗುರುತು ಇವನದೇ ಎಂದಿರಿ. ಇವನದೇ, ಸ್ವಾಮಿ. ದುಡಿಯುವವನ ಗುರುತು ಉಕ್ಕಿನ ಮೇಲೆ ಬೀಳುತ್ತದೆ. ಅಪ್ಪಣೆ ಕೊಟ್ಟ ನಾಲಗೆಯ ಗುರುತು ಎಲ್ಲಿ ಬೀಳುತ್ತದೆ? ಅದನ್ನು ಹುಡುಕಲೆಂದೇ ಅಲ್ಲವೇ ನಿಮ್ಮನ್ನು ಆ ಕುರ್ಚಿಯಲ್ಲಿ ಕೂರಿಸಿರುವುದು?

ವರದಿ ಬಂದ ಸಂಜೆ ಹೊನ್ನಪ್ಪ ಬಾಗಿಲಿಗೆ ಬಂದ. ಹೊಸ್ತಿಲು ದಾಟಲಿಲ್ಲ. ಪಂಚನ್ನು ಹೊಸ್ತಿಲ ಮೇಲಿಟ್ಟ.

"ಅಕ್ಕಾರ, ನನ್ನ ನಂಬರ ಅವನ್ನ ತಿಂತ್ರಿ. ಇನ್ನ ಇದು ನನ್ನ ಹತ್ರ ಬ್ಯಾಡ."

"ಒಳಗ ಬಾರೋ. ಉಂಡು ಹೋಗು."

"ಯಾವ ಕೈಲೆ ಉಣ್ಲಿರೀ?"

ಹೋದವನು ಮತ್ತೆ ಬಂದಿಲ್ಲ. ಕೆಲಸಕ್ಕೂ ಹೋಗುತ್ತಿಲ್ಲವಂತೆ. ನಿಮ್ಮ ಎರಡು ಪದಗಳನ್ನು ಅವನು ನಂಬಿಬಿಟ್ಟಿದ್ದಾನೆ. ಆಸಿಡ್ ಒಬ್ಬನನ್ನು ಸುಟ್ಟಿತು. ನಿಮ್ಮ ವರದಿ ಇನ್ನೊಬ್ಬನನ್ನು ದಿನಾ ಸುಡುತ್ತಿದೆ.

ಆ ಎರಡು ಪದಗಳನ್ನು ಹೊಡೆದುಹಾಕಿ. ಕಾಯಲಾಗದೆ ನೇರ ಬೆಸೆಯಲು ಹೇಳಿದವರ ಹೆಸರನ್ನು ಆ ಜಾಗದಲ್ಲಿ ಬರೆಯಿರಿ. ತಿದ್ದಿದ ವರದಿಯನ್ನು ನನಗಲ್ಲ, ಮೊದಲು ಹೊನ್ನಪ್ಪನಿಗೆ ಓದಿ ಹೇಳಿ. ಪಂಚ್ ನನ್ನ ಅಡುಗೆಮನೆಯಲ್ಲಿದೆ. ಅವನು ಅದನ್ನು ಕೇಳಿಕೊಂಡು ಬರುವ ದಿನ ನಾನು ಅವನಿಗೊಂದು, ನನಗೊಂದು, ಎರಡು ತಟ್ಟೆ ಇಡಬೇಕು.

ಇಂತಿ,
ಒಬ್ಬನನ್ನು ಮಣ್ಣಿಗೆ ಕೊಟ್ಟು, ಇನ್ನೊಬ್ಬನನ್ನು ಊಟಕ್ಕೆ ಕರೆದು ಸೋತವಳು,
ಸತ್ಯಭಾಮಾ ಜಯಂತ
ಕಳಮೇಶ್ವರ