ಎರಡನೇ ಸಂಪುಟ ತಲುಪಿದ ಬಗೆ

ಅಣ್ಣನಿಗೆ,

ನಿನ್ನ ಆಮಂತ್ರಣ ಪತ್ರಿಕೆ ಬಂತು. ಹನ್ನೆರಡು ಇಲಾಖೆಗಳ ಗ್ರಂಥಾಲಯಗಳನ್ನು ಒಂದುಗೂಡಿಸಿದ್ದಕ್ಕೆ ನಿನಗೆ ಸನ್ಮಾನವಂತೆ. ಅಮ್ಮನನ್ನು ವೇದಿಕೆಗೆ ಕರೆದುಕೊಂಡು ಬಾ ಎಂದು ಅಂಚಿನಲ್ಲಿ ಬರೆದಿದ್ದೀಯ. ಕರೆತರುವುದಿಲ್ಲ. ಕಾರಣವನ್ನು ಕ್ರಮವಾಗಿ ಹೇಳುತ್ತೇನೆ. ಕ್ರಮ ನಿನಗೆ ಇಷ್ಟ.

ಅಮ್ಮನಿಗೆ ಕಣ್ಣು ಹೋಗಿ ಎರಡು ವರ್ಷವಾಯಿತು. ಈಗ ಕಿವಿಯೂ ಮಂದವಾಗುತ್ತಿದೆ. ವರ್ಷ ಕಳೆಯುವುದರೊಳಗೆ ಏನೂ ಕೇಳಿಸದಿರಬಹುದು ಎಂದರು ವೈದ್ಯರು. ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು, 'ಹಾಗಾದ್ರೆ ದಪ್ಪ ಪುಸ್ತಕ ಮೊದಲು ಮುಗಿಸೋಣ' ಎಂದಳು. ರಸ್ತೆ ಇಲಾಖೆಯ ಗ್ರಂಥಾಲಯದಿಂದ ಸೇತುವೆ ಕಟ್ಟುವವನೊಬ್ಬನ ಕಥೆಯಿರುವ ಕಾದಂಬರಿ ತಂದು ಓದಿ ಹೇಳತೊಡಗಿದೆ. ಒಳ್ಳೆಯ ಅನುವಾದ, ಒಂದು ಅಲ್ಪವಿರಾಮವೂ ದಾರಿ ತಪ್ಪಿಲ್ಲ. ಮೊದಲ ಸಂಪುಟ ಮುಗಿಯುವಾಗ ಸೇತುವೆ ಅರ್ಧಕ್ಕೆ ನಿಂತಿದೆ, ಆಚೆ ದಡದಿಂದ ಮಗಳು ಕೂಗುತ್ತಿದ್ದಾಳೆ.

'ಅವಳು ದಾಟ್ತಾಳಾ?' ಎಂದು ಕೇಳಿದಳು ಅಮ್ಮ.

ಪುಸ್ತಕ ಹಿಂತಿರುಗಿಸಿ ಎರಡನೇ ಸಂಪುಟ ಹುಡುಕಿದೆ. ಕಪಾಟಿನಲ್ಲಿರಲಿಲ್ಲ. ನಿನಗೆ ಫೋನ್ ಮಾಡಿದೆ. 'ಈಗ ಹನ್ನೆರಡೂ ಒಂದೇ ಮನೆ ಕಣೇ, ಎಲ್ಲಿದ್ರೂ ಬರುತ್ತೆ. ಅರ್ಜಿ ಹಾಕು' ಎಂದೆ ನೀನು. ಅಮ್ಮನ ಕಿವಿಯ ವಿಷಯ ಹೇಳಿದರೆ, 'ಮನೆಯವರಿಗೇ ನಿಯಮ ಸಡಿಲ ಮಾಡಿದ್ರೆ ಜನ ಏನಂತಾರೆ?' ಎಂದೆ.

ನಲವತ್ತಾರು ದಿನವಾದ ಮೇಲೆ ಹನ್ನೆರಡು ಮೊಹರು ಬಿದ್ದ ಕಟ್ಟೊಂದು ಬಂತು. ಬಿಚ್ಚಿದರೆ ಮೊದಲ ಸಂಪುಟ. ಕೊನೆಯ ಪುಟದಲ್ಲಿ ನಾನು ಗುರುತಿಗೆ ಇಟ್ಟು ಮರೆತಿದ್ದ ಬಸ್ ಟಿಕೆಟ್. ನಾನು ಹಿಂತಿರುಗಿಸಿದ ಪುಸ್ತಕವೇ ನಿನ್ನ ಹನ್ನೆರಡು ಕಚೇರಿ ಸುತ್ತಿ ನನ್ನಲ್ಲಿಗೇ ಬಂದಿತ್ತು.

ಗ್ರಂಥಪಾಲಕಿ ತಲೆ ತಗ್ಗಿಸಿ ಹೇಳಿದರು. ಒಂದೇ ಪುಸ್ತಕ ಎರಡು ಕಡೆ ಇರಬಾರದೆಂದು ನೀನು ಜಂಟಿ ಪಟ್ಟಿ ಮಾಡಿಸಿದಾಗ, ಹೆಸರೂ ಲೇಖಕರೂ ಒಂದೇ ಆಗಿದ್ದವುಗಳಲ್ಲಿ ಒಂದನ್ನು ಉಳಿಸಿ ಮಿಕ್ಕವನ್ನು ರದ್ದಿಗೆ ಹಾಕಿದರಂತೆ. ಸಂಪುಟದ ಸಂಖ್ಯೆ ಬರೆಯಲು ನಿನ್ನ ನಮೂನೆಯಲ್ಲಿ ಜಾಗವೇ ಇರಲಿಲ್ಲ. 'ಎರಡು, ಮೂರು ಸಂಪುಟ ಇರೋದೆಲ್ಲ ಹೀಗೇ ಹೋಯ್ತು ಮೇಡಂ. ಆರು ತಿಂಗಳ ಹಿಂದೇನೇ ಸಾಹೇಬ್ರಿಗೆ ಬರೆದ್ವಿ. ಸಮಾರಂಭ ಮುಗೀಲಿ ಅಂದ್ರು.'

ಅಂದರೆ ಅರ್ಜಿ ಹಾಕು ಎಂದಾಗಲೇ ನಿನಗೆ ಗೊತ್ತಿತ್ತು. ಆಮಂತ್ರಣದ ಹಿಂಬದಿಯಲ್ಲಿ ಈ ವರ್ಷದ ಯಶಸ್ವಿ ವಿನಿಮಯಗಳ ಸಂಖ್ಯೆ ಅಚ್ಚಾಗಿದೆ. ಅದರಲ್ಲಿ ನನ್ನದೂ ಒಂದು ಸೇರಿರಬೇಕು. ದಡ್ಡನಾಗಿದ್ದರೆ ಕ್ಷಮಿಸಿಬಿಡುತ್ತಿದ್ದೆ. ಚಿಕ್ಕಂದಿನಿಂದಲೂ ಮನೆಯಲ್ಲಿ ಜಾಣ ನೀನೇ.

ಆ ಕಟ್ಟು ಬಂದ ದಿನ ಅಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕಾಯುತ್ತಿದ್ದಳು. ಮೊದಲ ಸಂಪುಟವನ್ನೇ ತೆರೆದು ಹಿಡಿದು, ಎರಡನೆಯದನ್ನು ನಾನೇ ಕಟ್ಟಿ ಓದತೊಡಗಿದೆ. ಐದನೇ ವಾಕ್ಯಕ್ಕೆ ಅಮ್ಮ ಕೈ ಎತ್ತಿದಳು.

'ಈ ಅನುವಾದಕನಿಗೆ ಇದ್ದಕ್ಕಿದ್ದ ಹಾಗೆ ನಿನ್ನ ಭಾಷೆ ಬಂದ್ಬಿಡ್ತಲ್ಲೇ?'

ನಾನು ಪುಸ್ತಕ ಮುಚ್ಚಿದೆ.

'ನಿಲ್ಲಿಸ್ಬೇಡ. ಸ್ವಲ್ಪ ಜೋರಾಗಿ ಓದು.'

ಮಗಳು ಇನ್ನೂ ದಾಟಿಲ್ಲ. ದಿನವೂ ನಾಲ್ಕು ಗಂಟೆಗೆ ಒಂದೆರಡು ಹಲಗೆ ಹಾಸುತ್ತೇವೆ. ನಾನು ಹೇಳುತ್ತೇನೆ, ಅಮ್ಮ ತಿದ್ದುತ್ತಾಳೆ. ನಿನ್ನ ಸಮಾರಂಭವೂ ನಾಲ್ಕಕ್ಕೇ ಇದೆ. ಅಮ್ಮನಿಗೆ ಬಿಡುವಿಲ್ಲ.

ನಿನಗೆ ಒಳ್ಳೆಯದಾಗಲಿ. ಸನ್ಮಾನದ ಫಲಕದ ಮೇಲೆ ನಿನ್ನ ಹೆಸರನ್ನಾದರೂ ಪೂರ್ತಿ ಕೆತ್ತಿರಲಿ.

ನಿನ್ನ ತಂಗಿ