ಅತಿಥಿಗಳಿಂದ ಮರೆಮಾಡಿದ ಸೂರು

ಮದೇರಾ, ಕ್ಯಾಲಿಫೋರ್ನಿಯಾ
ಅಕ್ಟೋಬರ್ 19

ಪ್ರೀತಿಯ ಕೊಮಾದ್ರೆ ಕೂಕಾ,

ನೀನೂ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೈಯಬೇಡ. ದ್ರಾಕ್ಷಿ ಕೊಯ್ಲು ಮುಗಿಯುವವರೆಗೆ ಬಿಡುವಿರಲಿಲ್ಲ. ಮುಗಿದ ಮೇಲೆ ಸಿಟ್ಟು ಪೆನ್ನು ಹಿಡಿಯಲು ಬಿಡಲಿಲ್ಲ.

ನಮ್ಮ ಕೂಸಿನ ಮನೆ ಮುಚ್ಚುತ್ತಿದೆ. ತೋಟದ ಕೆಲಸಕ್ಕೆ ಹೋಗುವ ತಾಯಂದಿರು ಬೆಳಕು ಹರಿಯುವ ಮೊದಲೇ ಮಕ್ಕಳನ್ನು ಬಿಟ್ಟುಹೋಗುತ್ತಾರಲ್ಲ, ಅದೇ ಮನೆ. ಮಕ್ಕಳು ಮಲಗುವ ಕೋಣೆ ಸೋರುತ್ತದೆ, ಮಳೆ ಬಂದರೆ ಬಕೆಟ್ ಇಡಬೇಕು. ಮಳೆ ಶುರುವಾಗುವಷ್ಟರಲ್ಲಿ ಸೂರು ಹೊಸದಾಗದಿದ್ದರೆ ಪರವಾನಗಿ ರದ್ದು ಎಂದು ಕೌಂಟಿಯವರು ಹೇಳಿದ್ದರು. ಅದಕ್ಕೇ ಸ್ಯಾನ್ ಫ್ರಾನ್ಸಿಸ್ಕೋದ ಒಂದು ದತ್ತಿಸಂಸ್ಥೆಗೆ ಅರ್ಜಿ ಹಾಕಿದೆವು. ಲ್ಯಾಟಿನೋ ಜನರಿಗೆಂದೇ ಹಣ ತೆಗೆದಿಟ್ಟಿದ್ದೇವೆ ಎಂದು ಅವರೇ ಸಾರಿದ್ದರು. ಆಗಸ್ಟ್‌ನಲ್ಲಿ ನೋಡಲು ಬರುತ್ತೇವೆ ಎಂದರು.

ಜನ ಬರುತ್ತಾರೆಂದರೆ ನಾವೇನು ಮಾಡುತ್ತೇವೆ, ನಿನಗೆ ಗೊತ್ತಿಲ್ಲವೇ? ಗೋಡೆಗೆ ಬಣ್ಣ ಬಳಿದೆವು. ಚರ್ಚಿನಿಂದ ಕುರ್ಚಿ, ನಮ್ಮೊಡನೆ ಕೂಸಿನ ಮನೆ ನೋಡಿಕೊಳ್ಳುವ ಹಿರಿಯಳು ದೋನ್ಯಾ ಚಾಯೋ ಮನೆಯಿಂದ ಕಸೂತಿಯ ಮೇಜುಬಟ್ಟೆ ತಂದೆವು. ಮೆಣಸಿನಕಾಯಿ ಹುರಿದು ಅರೆದು ಕರಿ ಮೋಲೆ ಸಾರು ಕುದಿಸಿ, ಕೋಳಿ ಬೇಯಿಸಿದೆವು. ಮಲಗುವ ಕೋಣೆಯ ಬಾಗಿಲು ಹಾಕಿ ಮುಂದೆ ಹೂಕುಂಡ ಇಟ್ಟೆವು.

"ಸೋರೋದನ್ನ ತೋರಿಸ್ಬೇಕಲ್ವಾ ದೋನ್ಯಾ? ಅದಕ್ಕೇ ತಾನೆ ಅವ್ರು ಬರ್ತಿರೋದು?" ಎಂದೆ.

"ಸುಮ್ನಿರೇ ಹೆರ್ಮೆಲಿಂದಾ! ಊಟಕ್ಕೆ ಬಂದೋರಿಗೆ ಬಕೆಟ್ಟು ತೋರಿಸ್ತಾರಾ? ಅರ್ಜೀಲಿ ಬರ್ದಿದೀವಲ್ಲ, ಓದ್ಕೊಂಡೇ ಬರ್ತಾರೆ."

ನನಗೂ ಅದೇ ಸರಿ ಎನಿಸಿತು.

ಬಂದರು. ಎರಡೆರಡು ಸಲ ಬಡಿಸಿಕೊಂಡು ಉಂಡರು. ನಿರ್ದೇಶಕಿ ಮೆರೆಡಿತ್ ರೊಟ್ಟಿಯಲ್ಲಿ ತಟ್ಟೆ ಒರೆಸಿ ತಿಂದು, "ಇಲ್ಲೇನು ಕೊರತೆ ಇದೆ ಹೇಳಿ! ಎಷ್ಟು ಪ್ರೀತಿ, ಎಷ್ಟು ಒಗ್ಗಟ್ಟು! ನಾವೇ ನಿಮ್ಮಿಂದ ಕಲೀಬೇಕು" ಎಂದಳು. ಚಾಯೋ ನಾಚಿಕೊಂಡು ಇನ್ನೊಂದು ತುಂಡು ಬಡಿಸಿದಳು. ಹೋಗುವಾಗ ಮೋಲೆ ಮಾಡುವುದು ಹೇಗೆಂದು ಕೇಳಿದರು. ಸೂರಿನ ಮಾತೇ ಎತ್ತಲಿಲ್ಲ.

ಕಳೆದ ವಾರ ಫ್ರೆಸ್ನೋದಲ್ಲಿ, ಹಣ ಯಾರಿಗೆಂದು ಸಾರಲು ಅವರ ಸಭೆ. ಹಣ ಹೋದದ್ದು ನಗರದ ಒಂದು ಸಂಸ್ಥೆಗೆ. ಅಲ್ಲಿ ನಮ್ಮವರು ಒಬ್ಬರೂ ಇಲ್ಲ. ನಮ್ಮಂಥ ತಾಯಂದಿರು ಮಕ್ಕಳನ್ನು ಹೇಗೆ ಸಾಕುತ್ತಾರೆಂದು ಅವರು ಅಧ್ಯಯನ ಮಾಡುತ್ತಾರಂತೆ, ನಾವು ಸಹಕರಿಸಬೇಕಂತೆ. ನಾನು ಎದ್ದು, "ನಮ್ಮ ಸೂರು?" ಎಂದೆ.

"ನಿಮಗೆ ಈಗಾಗ್ಲೇ ಸ್ವಂತ ಬಲ ಇದೆಯಲ್ಲ, ಸೆನ್ಯೋರಾ" ಎಂದಳು ಮೆರೆಡಿತ್.

"ಬಲ ಇದ್ದೋರ ಮನೆ ಮೇಲೆ ಮಳೆ ಬೀಳಲ್ವಾ?" ಎಂದು ಚಾಯೋ ಹಿಂದಿನಿಂದ ಕೂಗಿದಳು. "ಹಂಗಾದ್ರೆ ತಿಂದ ಕೋಳಿನಾದ್ರೂ ವಾಪಸ್ ಕೊಡಿ!"

ನಮ್ಮ ಸಾಲಿನವರು ನಕ್ಕರು. ವೇದಿಕೆಯವರು ಮುಂದಿನ ವಿಷಯಕ್ಕೆ ಹೋದರು.

ಅತ್ತು ಕೇಳಿದ್ದರೆ 'ಕೈಲಾಗದವರು, ಹಣ ನಿಭಾಯಿಸಲಾರರು' ಎನ್ನುತ್ತಿದ್ದರು. ಮರ್ಯಾದೆಯಿಂದ ಬಡಿಸಿದ್ದಕ್ಕೆ 'ಕೊರತೆಯಿಲ್ಲ' ಎಂದರು. ನಮ್ಮ ಹೆಸರಿನಲ್ಲಿ ತೆಗೆದಿಟ್ಟ ಹಣ ನಮ್ಮ ಬಾಗಿಲಿಗೆ ಬಂದು, ಉಂಡು, ಎದ್ದು ಹೋಯಿತು. ಶುಕ್ರವಾರ ಕೊನೆಯ ದಿನ. ಸೋಮವಾರದಿಂದ ಮಕ್ಕಳನ್ನು ತೋಟದ ಬದಿಯಲ್ಲಿ ಕಾರಿನೊಳಗೇ ಮಲಗಿಸುತ್ತೇವೆ ಎನ್ನುತ್ತಿದ್ದಾರೆ ತಾಯಂದಿರು. ಅವರಿಗೆ ಏನು ಹೇಳಲಿ?

ನಿನ್ನ ಮೊಣಕಾಲಿನ ನೋವು ಇಳಿಯಲಿ. ಮೊಮ್ಮಕ್ಕಳನ್ನು ಮರಿಯಮ್ಮ ತಾಯಿ ಕಾಯಲಿ.

ನಿನ್ನ ಕೊಮಾದ್ರೆ,
ಹೆರ್ಮೆಲಿಂದಾ

ತಾ.ಕ.: ಇತ್ಸೆಲ್ ಹೇಗಿದ್ದಾಳೆಂದು ನೀನು ಕೇಳಿದ್ದೆ. ನೀನು ಎತ್ತಿಕೊಂಡು ಜ್ಞಾನಸ್ನಾನ ಮಾಡಿಸಿ ನನಗೆ ಕೊಮಾದ್ರೆಯಾದೆಯಲ್ಲ, ಆ ನನ್ನ ಮಗಳು ಈಗ ಕೆಲಸ ಮಾಡುವುದು ಅದೇ ದತ್ತಿಸಂಸ್ಥೆಯಲ್ಲಿ. ಆಗಸ್ಟ್‌ನಲ್ಲಿ ಅವಳೂ ಬಂದಿದ್ದಳು. ಬಾಗಿಲಲ್ಲಿ ನನ್ನ ಕೈ ಕುಲುಕಿ, "ಭೇಟಿಯಾಗಿದ್ದು ಸಂತೋಷ, ಸೆನ್ಯೋರಾ" ಎಂದಳು. ಸೂರು ಸೋರುವುದು ಅವಳಿಗೆ ಗೊತ್ತು, ಬಾಯಿ ಬಿಡಲಿಲ್ಲ. ಮರುದಿನ ಫೋನಿನಲ್ಲಿ, "ಅಮ್ಮಾ, ನೀನು ನನ್ನ ತಾಯಿ ಅಂತ ಗೊತ್ತಾದ್ರೆ ತನ್ನೋರಿಗೇ ಮಾಡ್ಕೊಟ್ಳು ಅಂತಾರೆ. ನಿಮಗೂ ಸಿಗಲ್ಲ, ನನ್ನ ಕೆಲಸಾನೂ ಉಳಿಯಲ್ಲ" ಎಂದಳು. ನಂಬಿದೆ. ಫ್ರೆಸ್ನೋದಲ್ಲಿ ಹಣ ಪಡೆದ ಸಂಸ್ಥೆಯವನು ವೇದಿಕೆ ಹತ್ತಿದಾಗ ಮೆರೆಡಿತ್ ಅವನನ್ನು ಅಪ್ಪಿಕೊಂಡು, ತಾವಿಬ್ಬರೂ ಕಾಲೇಜಿನಿಂದ ಗೆಳೆಯರು ಎಂದು ಮೈಕಿನಲ್ಲೇ ಹೇಳಿದಳು. ವೇದಿಕೆಯ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಇತ್ಸೆಲ್ ಕೂಡ.